ಅತ್ತಿಗೆ ಬರೆದ ಅರ್ಜಿ

“ಓದೇ, ಇನ್ನೊಂದ್ ಕಿತ ಓದು! ನಿಮ್ಮಪ್ಪನೂ ಕೇಳ್ಕಳ್ಲಿ, ಈ ಮನೆ ಸೊಸೆ ಏನೇನ್ ಬರ್ದವ್ಳೆ ಅಂತ!”

ಅತ್ತೆ ಅನುಸೂಯಮ್ಮನ ಕೂಗಿಗೆ ಅಡುಗೆಮನೆಯಲ್ಲಿದ್ದ ಪದ್ಮಾವತಿಯ ಕೈಯಿಂದ ಸೌಟು ಜಾರಿತು. ನಡುಮನೆಯ ಬಾಗಿಲಿಗೆ ಬಂದು ನೋಡಿದರೆ ನಾದಿನಿ ಶಶಿಕಲಾ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಲ್ಯಾಪ್‌ಟಾಪ್ ತೆರೆದಿದ್ದಾಳೆ. ಮಾವ ವೆಂಕಟಪ್ಪ ಪೇಪರು ಮಡಿಸಿಟ್ಟು ಕನ್ನಡಕ ಒರೆಸುತ್ತಿದ್ದಾರೆ. ಶಶಿಕಲಾ ಇಂಗ್ಲಿಷಿನಲ್ಲಿ ಒಂದು ಸಾಲು ಓದುವುದು, ಅದನ್ನೇ ತಾಯಿಗೆ ಕನ್ನಡದಲ್ಲಿ ಹೇಳುವುದು. ‘ಆರು ವರ್ಷದಿಂದ ನಮ್ಮ ಮನೆಯ ಹಿಂದಿನ ಖಾಲಿ ಕೊಟ್ಟಿಗೆಯಲ್ಲಿ ಕೂಲಿ ಹೆಂಗಸರಿಗೆ ಓದು ಬರಹ ಕಲಿಸುತ್ತಿದ್ದೇನೆ...’ ಮೂರು ತಿಂಗಳಿಂದ, ಮಧ್ಯಾಹ್ನ ಎಲ್ಲರೂ ಊಟ ಮಾಡಿ ಅಡ್ಡಾದ ಮೇಲೆ, ನಾದಿನಿಯ ಲ್ಯಾಪ್‌ಟಾಪಿನಲ್ಲೇ ಕದ್ದು ಕೂತು, ಇಂಗ್ಲೆಂಡಿನ ಒಂದು ಕೋರ್ಸಿಗೆಂದು ಪದ್ಮಾವತಿ ಬರೆದ ಅರ್ಜಿ ಅದು!

ವೆಂಕಟಪ್ಪನವರದು ಬೆಂಗಳೂರಿನ ಅಂಚಿನ ಹೂಡಿಯ ಹಳೆಯ ಮನೆತನ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿದೆ. ಹೊಲ ಹೋದ ಮೇಲೆ ಹಸುಗಳೂ ಹೋದವು, ಕೊಟ್ಟಿಗೆ ಮಾತ್ರ ಉಳಿಯಿತು. ಅದರ ಪಕ್ಕದಲ್ಲಿ ಶೀಟು ಹೊದಿಸಿದ ಒಂಬತ್ತು ರೂಮು ಕಟ್ಟಿ ಯಾದಗಿರಿ, ರಾಯಚೂರು ಕಡೆಯ ಕೂಲಿಯವರಿಗೆ ಬಾಡಿಗೆಗೆ ಕೊಟ್ಟಿದ್ದರು. ಬಿ.ಎಡ್. ಓದಿ ಮಾಲೂರಿನಿಂದ ಈ ಮನೆಗೆ ಸೊಸೆಯಾಗಿ ಬಂದ ಪದ್ಮಾವತಿಗೆ ಕೆಲಸಕ್ಕೆ ಹೋಗುವ ಭಾಗ್ಯ ಸಿಗಲಿಲ್ಲ. ಮಕ್ಕಳ ಭಾಗ್ಯವೂ ಸಿಗಲಿಲ್ಲ, ಅದನ್ನು ಅತ್ತೆ ವಾರಕ್ಕೊಮ್ಮೆ ನೆನಪಿಸದೆ ಬಿಡುತ್ತಿರಲಿಲ್ಲ. ಸಗಣಿ ಬಳಿದ ಆ ಕೊಟ್ಟಿಗೆಯಲ್ಲಿ ಸಂಜೆ ಆರರಿಂದ ಏಳರವರೆಗೆ ಹನ್ನೊಂದು ಹೆಂಗಸರು ಸ್ಲೇಟು ಹಿಡಿದು ಕೂರುತ್ತಿದ್ದರು. ಆ ಒಂದು ಗಂಟೆಗಾಗಿಯೇ ಅವಳು ಉಳಿದ ಇಪ್ಪತ್ಮೂರು ಗಂಟೆ ಬದುಕುತ್ತಿದ್ದಳು ಅಂದರೂ ತಪ್ಪಿಲ್ಲ.

ಇಂಗ್ಲೆಂಡಿನ ಆ ಕೋರ್ಸಿನ ವಿಷಯ ಅವಳಿಗೆ ತಿಳಿದದ್ದೂ ತಮಾಷೆಯೇ. ಶಶಿಕಲಾ ವೈಟ್‌ಫೀಲ್ಡಿನ ಹೋಟೆಲೊಂದರಲ್ಲಿ ನಡೆದ ಶಿಕ್ಷಣ ಮೇಳದಿಂದ ಚೀಲದ ತುಂಬ ಬ್ರೋಷರು ತಂದು ಮೂಲೆಗೆಸೆದಿದ್ದಳು. ಪದ್ಮಾವತಿ ಅವನ್ನು ಅಡುಗೆಮನೆಯ ಗೂಡಿಗೆ ಹಾಸುವಾಗ ಒಂದು ಪುಟ ಕಣ್ಣಿಗೆ ಬಿತ್ತು. ದೊಡ್ಡವರಿಗೆ ಅಕ್ಷರ ಕಲಿಸುವುದರ ಬಗ್ಗೆ ಒಂದು ವರ್ಷದ ಓದು. ಅಂಕಕ್ಕಿಂತ ಮಾಡಿದ ಕೆಲಸ ಮುಖ್ಯ. ಆಯ್ಕೆಯಾದರೆ ಖರ್ಚೆಲ್ಲ ಅವರದೇ. ಸಾಸಿವೆ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಅವಳು ಅದನ್ನು ನಾಲ್ಕು ಸಲ ಓದಿದ್ದಳು.

“ನಾನೇ ಬರೆದೆ ಅತ್ತೆ,” ಎಂದಳು ಪದ್ಮಾವತಿ. “ನಿಮ್ಮನ್ನ ಕೇಳೇ ಕಳಿಸ್ಬೇಕು ಅಂತಿದ್ದೆ.”

“ಕೇಳ್ತಿದ್ಲಂತೆ! ಊರಿಗೆ ಉಪಕಾರಿ, ಮನೆಗೆ ಮಾರಿ! ಗಂಡನ್ನ ಬಿಟ್ಟು ಇಮಾನ ಅತ್ತಕ್ಕೆ ನಿಂತವ್ಳೆ, ಕೇಳ್ತಾಳಂತೆ!”

ಬೈಗುಳ ಅಷ್ಟಕ್ಕೇ ನಿಂತಿದ್ದರೆ ಪದ್ಮಾವತಿ ಅತ್ತು ಸುಮ್ಮನಾಗುತ್ತಿದ್ದಳು. ಆದರೆ ಶಶಿಕಲಾ ಕಣ್ಣೆತ್ತದೆ ಮೆಲ್ಲಗೆ ಅಂದಳು. “ಅಮ್ಮ, ಬೈಬೇಡ. ಅತ್ತಿಗೆ ಸಕ್ಕತ್ತಾಗಿ ಬರ್ದಿದಾರೆ. ಲೋಕೇಶ್ ಸಾರ್ ಕೇಳ್ತಿದ್ದಿದ್ದು ಇದನ್ನೇ.”

ಲೋಕೇಶ್ ಎಂದರೆ ವಿದೇಶದ ಸೀಟು ಕೊಡಿಸುವ ಏಜೆಂಟು. ಇಂಜಿನಿಯರಿಂಗಿನಲ್ಲಿ ಹೇಗೋ ಪಾಸಾದ ಶಶಿಕಲಾಳ ಅರ್ಜಿಗಳು ಎರಡು ವರ್ಷದಿಂದ ಗೋಡೆಗೆ ಹೊಡೆದ ಚೆಂಡಿನಂತೆ ವಾಪಸು ಬರುತ್ತಿದ್ದವು. ‘ನಿಮ್ಮ ಲೈಫಲ್ಲಿ ಒಂದು ಸ್ಟೋರಿ ಬೇಕು ಮೇಡಂ, ಸಮಾಜಸೇವೆ ತರ,’ ಎಂದಿದ್ದ ಅವನು. ಅತ್ತ ವೆಂಕಟಪ್ಪನವರ ದಾಯಾದಿಯ ಮಗಳು ಆಸ್ಟ್ರೇಲಿಯಾಕ್ಕೆ ಹೋದಾಗ ಸರ್ಕಲ್ಲಿನಲ್ಲಿ ಇಪ್ಪತ್ತಡಿಯ ಫ್ಲೆಕ್ಸು ಎದ್ದಿತ್ತು. ಅದನ್ನು ನೋಡಬಾರದೆಂದು ಅನುಸೂಯಮ್ಮ ತಿಂಗಳಿಡೀ ದೇವಸ್ಥಾನಕ್ಕೆ ಹಿಂದಿನ ಬೀದಿಯಿಂದ ಹೋದರು!

ಅನುಸೂಯಮ್ಮನ ಮುಖ ಕ್ಷಣದಲ್ಲಿ ಬದಲಾಯಿತು. “ಅಂಗಾದ್ರೆ ಇದಕ್ಕೆ ನಿನ್ ಎಸ್ರು ಆಕು.”

“ಅತ್ತೆ!”

“ಯಾಕಮ್ಮೀ? ಕೊಟ್ಟಿಗೆ ಯಾರ್ದು? ನಂದು. ರೂಮು ಯಾರ್ದು? ನಂದು. ಅಲ್ಲಿ ನಡೆದಿದ್ದು ನನ್ ಮಗಳದಾದ್ರೆ ನಿಂಗೇನ್ ನಷ್ಟ?”

“ಇಬ್ರೂ ಹಾಕೋಣ ಶಶಿ. ಬೇಕಾದ್ರೆ ನಾನೇ ನಿನಗೆ ಬೇರೆ ಬರ್ಕೊಡ್ತೀನಿ,” ಪದ್ಮಾವತಿ ನಾದಿನಿಯ ಕೈ ಹಿಡಿದುಕೊಂಡಳು.

“ಒಂದೇ ಮನೆ, ಒಂದೇ ಕಥೆ ಅಂದ್ರೆ ಇಬ್ರುದೂ ಎಸೀತಾರೆ ಅತ್ತಿಗೆ.” ಶಶಿಕಲಾಳ ಕಣ್ಣಲ್ಲೂ ನೀರಿತ್ತು. “ನಿಮಗೆ ಮನೆ ಇದೆ, ಗಂಡ ಇದಾನೆ. ಯಾವ ಕೋರ್ಸಾದ್ರೂ ಸರಿ, ನಂಗೆ ಇದೇ ಲಾಸ್ಟ್ ಚಾನ್ಸ್. ಪ್ಲೀಸ್...”

ಕೊನೆಯ ದಿನಾಂಕ ಶುಕ್ರವಾರ. ಬುಧವಾರ ಬೆಳಿಗ್ಗೆ ಪದ್ಮಾವತಿ ಗಂಡ ಅಂಬರೀಶನನ್ನು ಬೋರ್‌ವೆಲ್ಲಿನ ಹತ್ತಿರ ಹಿಡಿದಳು. ಅವನು ನೀರಿನ ಟ್ಯಾಂಕರು ಓಡಿಸುತ್ತಿದ್ದ. ಒಳ್ಳೆಯವನೇ. ಆದರೆ ಒಳ್ಳೆಯತನಕ್ಕೆ ಬೆನ್ನುಮೂಳೆ ಇಲ್ಲದಿದ್ದರೆ ಅದರಿಂದ ಯಾರಿಗೆ ಏನು ಪ್ರಯೋಜನ ಹೇಳಿ!

“ಎಂಟು ವರ್ಷದಲ್ಲಿ ನಿಮ್ಮನ್ನ ಏನಾದ್ರೂ ಕೇಳಿದೀನೇನ್ರೀ?”

“ಇಲ್ಲ ಪದ್ಮ.”

“ಇದೊಂದು ಕೇಳ್ತಿದೀನಿ. ಒಂದೇ ವರ್ಷ ಕಣ್ರೀ. ವಾಪಸ್ ಬಂದು ಇದೇ ಕೊಟ್ಟಿಗೇಲಿ ಕೂತ್ಕೋತೀನಿ. ನನ್ನ ಹೆಸರಲ್ಲೇ ಹೋಗ್ಲಿ ಅಂತ ಅಮ್ಮಂಗೆ ಒಂದ್ ಮಾತು ಹೇಳಿ...”

ಅಂಬರೀಶ ಟ್ಯಾಂಕರಿನ ಪೈಪನ್ನೇ ನೋಡುತ್ತಿದ್ದ. “ಅಮ್ಮ ಹಟ ಹಿಡಿದವ್ಳೆ. ನೀನು ಒಪ್ಪಲಿಲ್ಲ ಅಂದ್ರೆ ಭಾನುವಾರದೊಳ್ಗೆ ಒಂಬತ್ ರೂಮೂ ಖಾಲಿ ಮಾಡಿಸಿ ಕೊಟ್ಟಿಗೆಗೆ ಬೀಗ ಹಾಕ್ತಾಳಂತೆ. ಒಪ್ಪಿದ್ರೆ ಕೊಟ್ಟಿಗೆ ನಿಂಗೇ ಬಿಡ್ತಾಳಂತೆ, ಯಾವತ್ತೂ ಕೇಳಲ್ವಂತೆ. ಬಿಟ್ಬಿಡು ಪದ್ಮ... ಆ ಹೆಂಗಸರ ಮುಖ ನೋಡಿನಾದ್ರೂ ಬಿಟ್ಬಿಡು.”

ಅವನು ಟ್ಯಾಂಕರು ಹತ್ತಿ ಹೊರಟುಹೋದ. ಆ ಸಂಜೆ ಕೊಟ್ಟಿಗೆಯಲ್ಲಿ ಹನ್ನೊಂದು ತಲೆಗಳು ಸ್ಲೇಟಿನ ಮೇಲೆ ಬಾಗಿದ್ದವು. ಆ ಒಂಬತ್ತು ರೂಮಿನ ಸಂಸಾರಗಳು ಗಂಟುಮೂಟೆ ಹೊತ್ತು ಬೀದಿಯಲ್ಲಿ ನಿಲ್ಲುವುದನ್ನು ಪದ್ಮಾವತಿಗೆ ನೆನೆಯಲೂ ಆಗಲಿಲ್ಲ. ಪಾಠ ಮುಗಿಸಿ ಮನೆಗೆ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತು ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಅಳಿಸಿದಳು. ನಾದಿನಿಯ ಹೆಸರನ್ನು ತನ್ನ ಕೈಯಾರೆ ತುಂಬಿದಳು.

ಗುರುವಾರ ಅರ್ಜಿಗೆ ಪಾಠದ ಫೋಟೋ ಬೇಕಾಯಿತು. ಶಶಿಕಲಾ ಅತ್ತಿಗೆಯ ನೂಲಿನ ಸೀರೆಯನ್ನೇ ಉಟ್ಟುಕೊಂಡು ಕೊಟ್ಟಿಗೆಗೆ ಬಂದಳು. ಆರು ವರ್ಷದಲ್ಲಿ ಅದು ಅವಳ ಮೊದಲ ಭೇಟಿ. ಹನ್ನೊಂದು ಜನರಲ್ಲಿ ಹಿರಿಯಳಾದ, ಐವತ್ತೆಂಟರ ಮುದುಕವ್ವ ಎಂಬುವಳ ಪಕ್ಕ ಕೂತು, ಅವಳ ಕೈ ಹಿಡಿದು ಸ್ಲೇಟಿನ ಮೇಲೆ ಬಳಪ ಆಡಿಸಿದಳು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಆರು ವರ್ಷದಿಂದ ಶಶಿಕಲಾಳೇ ಕಲಿಸುತ್ತಿದ್ದಾಳೆಂದು ವಾರ್ಡಿನ ಮುಖಂಡರೊಬ್ಬರಿಂದ ವೆಂಕಟಪ್ಪ ಪತ್ರವನ್ನೂ ತಂದರು.

“ಸಣ್ಣ ಅಕ್ಕಾರು ಭಾಳ ಚೆಂದ ಅದಾರ್ರೀ,” ಎಂದು ಮುದುಕವ್ವ ನಕ್ಕಳು. “ನಾಳಿಂದ ಅವರೂ ಕಲಸ್ತಾರೇನ್ರೀ ಅಕ್ಕಾರ?”

ಪದ್ಮಾವತಿ ಬೋರ್ಡು ಒರೆಸುವ ನೆಪದಲ್ಲಿ ಆ ಕಡೆ ತಿರುಗಿಕೊಂಡಳು.

ಎರಡು ತಿಂಗಳ ಮೇಲೆ ಸಂದರ್ಶನಕ್ಕೆ ಕರೆ ಬಂತು. ಮಧ್ಯಾಹ್ನ ಮೂರೂವರೆಗೆ, ಲ್ಯಾಪ್‌ಟಾಪಿನಲ್ಲೇ. ಕೊಟ್ಟಿಗೆಯ ಬಗ್ಗೆ ಏನು ಕೇಳಿದರೂ ಶಶಿಕಲಾಳಿಗೆ ಗೊತ್ತಿರಬೇಕಲ್ಲ! ಪದ್ಮಾವತಿ ಪರದೆಯಲ್ಲಿ ಕಾಣದಂತೆ ಲ್ಯಾಪ್‌ಟಾಪಿನ ಹಿಂದೆ ಕುರ್ಚಿ ಹಾಕಿಕೊಂಡು ಕೂರಬೇಕೆಂದೂ, ಉತ್ತರ ಬರೆದು ತೋರಿಸಬೇಕೆಂದೂ ಏರ್ಪಾಡಾಯಿತು. ಬರೆಯಲು ಕೈಗೆ ಸಿಕ್ಕಿದ್ದು ಕೊಟ್ಟಿಗೆಯ ಸ್ಲೇಟೇ.

ಮೊದಲ ಪ್ರಶ್ನೆಗಳು ಸಲೀಸಾಗಿ ದಾಟಿದವು. ಶಶಿಕಲಾಳ ಇಂಗ್ಲಿಷ್ ಚೆನ್ನಾಗಿತ್ತು. ಕೊನೆಗೆ ಅತ್ತಲಿಂದ ಒಬ್ಬ ವಯಸ್ಸಾದ ಹೆಂಗಸು ಕೇಳಿದಳು. “ಫೋಟೋದಲ್ಲಿರುವ ಈ ಹಿರಿಯರು ಮೊಟ್ಟಮೊದಲು ಯಾವ ಪದ ಓದಲು ಕಲಿಸಿ ಎಂದರು? ಯಾಕೆ?”

ಶಶಿಕಲಾ ತಡವರಿಸಿದಳು. ಕಣ್ಣು ಮೆಲ್ಲಗೆ ಪರದೆಯ ಮೇಲಿಂದ ಅತ್ತಿಗೆಯತ್ತ ಬಂತು.

ಪದ್ಮಾವತಿಗೆ ಉತ್ತರ ಗೊತ್ತಿತ್ತು. ಜಗತ್ತಿನಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಮುದುಕವ್ವ ಕಲಿಸಿ ಎಂದು ಕೇಳಿದ್ದು ತನ್ನ ಹೆಸರನ್ನಲ್ಲ, ‘ವೈಟ್‌ಫೀಲ್ಡ್’ ಎಂಬ ಪದವನ್ನು. ಏಳು ವರ್ಷದ ಹಿಂದೆ ಅವಳ ಮಗಳು ಹೆರಿಗೆಗೆಂದು ವೈಟ್‌ಫೀಲ್ಡಿನ ಆಸ್ಪತ್ರೆ ಸೇರಿದಾಗ, ಬೋರ್ಡು ಓದಲು ಬಾರದೆ ಮುದುಕವ್ವ ಹೊಸಕೋಟೆಯ ಬಸ್ಸು ಹತ್ತಿಬಿಟ್ಟಿದ್ದಳು. ತಿರುಗಿ ಬರುವಷ್ಟರಲ್ಲಿ ಮಗಳ ಮುಖಕ್ಕೆ ಬಟ್ಟೆ ಮುಚ್ಚಿತ್ತು... ಎಲ್ಲರೂ ಎದ್ದುಹೋದ ಮೇಲೆ ಒಂದು ಸಂಜೆ ಅವಳು ಇದನ್ನು ಹೇಳಿ, ‘ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ’ ಎಂದಿದ್ದಳು. ಪದ್ಮಾವತಿ ತನ್ನ ಅರ್ಜಿಯಲ್ಲಿ ಕೂಡ ಅದನ್ನು ಬರೆದಿರಲಿಲ್ಲ. ತನ್ನ ಸೀಟಿಗಾಗಿ ಕೂಡ!

ಬಾಗಿಲ ಸಂದಿಯಲ್ಲಿ ಅನುಸೂಯಮ್ಮ ನಿಂತಿದ್ದರು. ಅವರ ಸೊಂಟದಲ್ಲಿ ರೂಮುಗಳ ಬೀಗದ ಕೈ ಗೊಂಚಲು ತೂಗುತ್ತಿತ್ತು. ಪದ್ಮಾವತಿ ಬಳಪ ಎತ್ತಿಕೊಂಡಳು. ಸುಮ್ಮನೆ ಕೂತರೆ ಸಾಕು, ಎಲ್ಲ ಇಲ್ಲಿಗೇ ಮುಗಿಯುತ್ತದೆ ಎಂದು ಮನಸ್ಸು ಹೇಳಿತು. ಕೈ ಕೇಳಲಿಲ್ಲ. ‘ವೈಟ್‌ಫೀಲ್ಡ್. ತಪ್ಪು ಬಸ್ಸು. ಮಗಳು ತೀರಿದಳು’ ಎಂದು ಬರೆದು ಎತ್ತಿ ಹಿಡಿಯಿತು.

ಶಶಿಕಲಾ ಓದಿದಳು. ಓದಿ ಅದನ್ನು ಎಷ್ಟು ಚೆನ್ನಾಗಿ ಹೇಳಿದಳೆಂದರೆ ಅತ್ತಲಿನ ಹೆಂಗಸು ಕನ್ನಡಕ ತೆಗೆದಳು. ಹೇಳುವಾಗ ಶಶಿಕಲಾಳೂ ಅತ್ತಳು. ಆ ಅಳು ನಾಟಕವಾಗಿರಲಿಲ್ಲ. ಪದ್ಮಾವತಿ ಮಾತ್ರ ಅಳಲಿಲ್ಲ, ಸ್ಲೇಟನ್ನು ಸೆರಗಿನಿಂದ ಒರೆಸಿ ಒರೆಸಿ, ಒರೆಸುತ್ತಲೇ ಇದ್ದಳು.

ಸೀಟು ಬಂತು. ಖರ್ಚೆಲ್ಲ ಅವರದೇ ಎಂಬ ಪತ್ರವೂ ಬಂತು. ಬೀಳ್ಕೊಡುಗೆಗೆ ಇನ್ನೂರು ಜನರ ಊಟ. ಅಡುಗೆಯವರ ಒಲೆ ಹೂಡಲು ಕೊಟ್ಟಿಗೆಯೇ ಅನುಕೂಲವೆಂದು ಬೋರ್ಡು, ಚಾಪೆ ಎಲ್ಲ ಹೊರಗೆ ಬಂದವು. ಊಟ ಮುಗಿಯಿತು, ಒಲೆ ಹೋಯಿತು. ಮೂರನೆಯ ದಿನ ಅಲ್ಲಿ ಸಿಮೆಂಟು ಮೂಟೆ ಬಂದು ಬಿದ್ದವು.

“ಮಾವ, ಇದೇನು? ಕೊಟ್ಟಿಗೆ ಕೇಳಲ್ಲ ಅಂದಿದ್ರಲ್ಲ?”

ವೆಂಕಟಪ್ಪ ಗಂಟಲು ಸರಿಮಾಡಿಕೊಂಡರು. “ಐಟಿ ಹುಡುಗ್ರಿಗೆ ಪೀಜಿ ಹಾಸ್ಟೆಲ್ ಕಟ್ಟಿಸ್ತಾ ಇದೀವಮ್ಮ. ರೂಮುಗಳ್ನೂ ಒಡೀಬೇಕು. ಯುಗಾದಿವರ್ಗೂ ಇರ್ಲಿ ಅಂದಿದೀನಿ ಅವ್ರಿಗೆ.”

“ಮಾತು ಕೊಟ್ಟಿದ್ರಿ ಅತ್ತೆ...”

“ಕೊಟ್ಟಿದ್ದೆ, ಯಾರಿಲ್ಲ ಅಂದೋರು?” ಅನುಸೂಯಮ್ಮ ಎಲೆಗೆ ಸುಣ್ಣ ಸವರುತ್ತಾ ಅಂದರು. “ಅದೇನ್ ಪತ್ರದಾಗೆ ಬರ್ಕೊಟ್ಟಿದ್ನಾ? ಓದಿರೋಳು ನೀನು, ಬರೆಸ್ಕೋಬೇಕಿತ್ತು!”

ಪದ್ಮಾವತಿಗೆ ನಗು ಬಂತು. ಎಷ್ಟು ಕಹಿ ನಗುವೆಂದರೆ, ಅನುಸೂಯಮ್ಮ ಕೂಡ ಒಂದು ಗಳಿಗೆ ಎಲೆ ಮಡಿಸುವುದನ್ನು ನಿಲ್ಲಿಸಿದರು. ವಿಮಾನ ಹತ್ತುವ ಮುನ್ನ ಶಶಿಕಲಾ ಅತ್ತಿಗೆಯ ಕಾಲಿಗೆರಗಿ, “ನಿಮ್ಮ ಋಣ ಯಾವತ್ತೂ ಮರೆಯಲ್ಲ ಅತ್ತಿಗೆ” ಎಂದಳು. ಪದ್ಮಾವತಿ ಅವಳ ತಲೆ ಸವರಿ, ಚಳಿಗೆ ಕಿವಿಗೆ ಕಟ್ಟಿಕೋ ಎಂದಳು. ಬೇರೇನು ಹೇಳುತ್ತಾಳೆ?

ಆ ವಾರದಿಂದ ಪಾಠ ಸರ್ಕಲ್ಲಿನ ಬಸ್‌ಸ್ಟಾಪಿಗೆ ಬಂತು. ಹನ್ನೊಂದು ಜನ ಐವರಾದರು. ಸೋಮವಾರ ಸಂಜೆ ಮುದುಕವ್ವ ಎಲ್ಲರಿಗಿಂತ ಮೊದಲೇ ಬಂದು, ಎದುರಿನ ಹೊಸ ಫ್ಲೆಕ್ಸಿನ ಮುಂದೆ ಬೆರಳೆತ್ತಿ ನಿಂತಿದ್ದಳು. ಫ್ಲೆಕ್ಸಿನಲ್ಲಿ ಪದ್ಮಾವತಿಯ ನೂಲಿನ ಸೀರೆಯುಟ್ಟ ಶಶಿಕಲಾ ನಗುತ್ತಿದ್ದಳು. ಪಕ್ಕದಲ್ಲಿ ಸ್ಲೇಟು ಹಿಡಿದ ಮುದುಕವ್ವ.

“ಅಕ್ಕಾರ, ಬರ್ರಿ ಬರ್ರಿ! ಅಕ್ಷರ ಎಷ್ಟ ದೊಡ್ಡವು ಅದಾವ ನೋಡ್ರಿ, ನಾನ ಓದ್ತೀನಿ!” ಎಂದು ಅವಳು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. “ಕೂ...ಲಿ ಮ...ಹಿ...ಳೆ...ಯ...ರಿ...ಗೆ ಅ...ಕ್ಷ...ರ ಕ...ಲಿ...ಸಿ...ದ...”

‘ಕ್ಷ’ದ ಹತ್ತಿರ ಅವಳು ಯಾವಾಗಲೂ ಎಡವುತ್ತಿದ್ದಳು. ಇವತ್ತು ಎಡವಲಿಲ್ಲ. ಹೆಮ್ಮೆಯಿಂದ ಒಮ್ಮೆ ತಿರುಗಿ ನೋಡಿ ಮುಂದುವರಿಸಿದಳು.

“...ಕು...ಮಾ...ರಿ ಶ...ಶಿ...ಕ...ಲಾ...” ಬೆರಳು ಅಲ್ಲೇ ನಿಂತಿತು. ಮತ್ತೊಮ್ಮೆ ಓದಿದಳು. ಇನ್ನೊಮ್ಮೆ ಓದಿದಳು. ಮುಖ ಸಣ್ಣದಾಯಿತು. “ಇಲ್ಲಿ ನಿಮ್ಮ ಹೆಸರ ಇರಬೇಕಲ್ರೀ ಅಕ್ಕಾರ... ನಾ ತಪ್ಪು ಓದಿದ್ನೇನ್ರೀ?”

“ಇಲ್ಲ ಮುದುಕವ್ವ. ಸರಿಯಾಗೇ ಓದಿದ್ರಿ.”

“ಹಂಗಾರ ಬರದವರು ತಪ್ಪು ಬರದಾರ್ರೀ! ಯಾರ್ರೀ ಅವರು, ಅಕ್ಷರ ಬರಲಾರದವರು?”

ಬಸ್ಸೊಂದು ಬಂದು ನಿಂತು ಹೊರಟಿತು. ಅದರ ಹೊಗೆ ಇಬ್ಬರ ನಡುವೆ ಹಾದುಹೋಗುವವರೆಗೆ ಪದ್ಮಾವತಿ ಕಾದಳು.

“ಬರೆದೋಳು ನಾನೇ, ಮುದುಕವ್ವ.”

ಮುದುಕವ್ವ ಅವಳ ಮುಖ ನೋಡಿದಳು. ಆಮೇಲೆ ಫ್ಲೆಕ್ಸಿನ ಕಡೆಗೆ ತಿರುಗಿ, ಬೆರಳೆತ್ತಿ, ಮೊದಲಿನಿಂದ ಓದತೊಡಗಿದಳು.