ಕಾಶೆವ್ವ ಓದದೇ ಉಳಿದ ಕಡೆಯ ಪುಟ

ಗಂಟು ಬಿಚ್ಚಿದಾಗ ಬಟ್ಟೆಯೊಳಗೆ ಪುಸ್ತಕವೇನೋ ಇತ್ತು. ಆದರೆ ಅದು ಆ ಪುಸ್ತಕವಾಗಿರಲಿಲ್ಲ!

ಮಂಗಳವಾರ ಬೆಳಿಗ್ಗೆ ಮೂಡಲಗಿಯಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಶಟರು ಎತ್ತುತ್ತಿದ್ದೆ. ಮಮದಾಪುರದಿಂದ ನಮ್ಮ ಓದುವ ಬಳಗದ ಕಾಶೆವ್ವನ ಫೋನು.

"ಶ್ರೀಶೈಲ, ನಮ್ಮವರ ಪುಸ್ತಕ ಹೋತೋ ತಮ್ಮಾ! ದೇವರ ಜಗಲಿ ಮ್ಯಾಲಿಂದ ಹೋತು! ಅದರ ಜಾಗಾದಾಗ ಕಬ್ಬಿನ ಪುಸ್ತಕ ಕುಂತೈತಿ!"

ಎತ್ತಿದ ಶಟರನ್ನು ಹಾಗೇ ಇಳಿಸಿ ಬೈಕು ಹತ್ತಿದೆ. ಹತ್ತುವ ಮೊದಲು ಹುಕ್ಕೇರಿಯ ರಾಜೇಶ್ವರಿ ಅಕ್ಕನಿಗೆ ಫೋನು ಮಾಡಿದೆ.

ಅಕ್ಕ ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಳಾದವಳು. ಜಾಣೆ, ಒಪ್ಪುತ್ತೇನೆ. ಆದರೆ ಒಂದು ಕೆಟ್ಟ ಚಾಳಿ ಇದೆ — ಯಾವ ಪುಸ್ತಕ ಕೈಗೆ ಸಿಕ್ಕರೂ ಮೊದಲು ಕೊನೆಯ ಪುಟ ಓದುತ್ತಾಳೆ. ಪತ್ತೇದಾರಿ ಕಾದಂಬರಿಯನ್ನೂ! ನಾನು ಓದುವುದೇ ಪತ್ತೇದಾರಿ. ಮೂರನೇ ಅಧ್ಯಾಯಕ್ಕೇ ಕೊಲೆಗಾರ ಯಾರೆಂದು ಹೇಳಿಬಿಡುತ್ತೇನೆ. ಒಮ್ಮೆಯೂ ಸರಿಯಾಗಿಲ್ಲ ಎಂಬುದು ಬೇರೆ ಮಾತು.

ನಮ್ಮ ಬಳಗದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗೋಕಾಕದಲ್ಲಿ ಕಿಶೋರನ ಪುಸ್ತಕದಂಗಡಿಯ ಅಟ್ಟದ ಮೇಲೆ ರವಿವಾರಕ್ಕೊಮ್ಮೆ ಕೂಡುತ್ತೇವೆ. ಈಗ ಏನು ಓದುತ್ತಿದ್ದೀರಿ, ಯಾವುದು ಹಿಡಿಸಿತು, ಯಾವುದನ್ನು ಓದಲೇಬೇಕು — ಇಷ್ಟೇ ಮಾತು. ಹೇಳಿದವರ ಪುಸ್ತಕ ಕೈಯಿಂದ ಕೈಗೆ ಸುತ್ತುತ್ತದೆ. ಬೇಕಾದವರು "ನಿಮ್ಮ ಹಿಂದ ನಾ" ಎಂದು ಪಾಳಿ ಹಚ್ಚುತ್ತಾರೆ. ಓದಿ ಮುಗಿಸಿದವರು ಎಲ್ಲರಿಗೂ ಕರದಂಟು ತರಬೇಕು. ಕರದಂಟಿನ ಆಸೆಗೇ ಓದುವವರೂ ಇದ್ದಾರೆ, ಹೆಸರು ಹೇಳುವುದಿಲ್ಲ.

ಹೋದ ರವಿವಾರ ಕಾಶೆವ್ವ ತಂದಿದ್ದು ಅವಳ ಗಂಡ ರಾಚಪ್ಪ ಬರೆದ ಕಾದಂಬರಿ, 'ಹೊಳಿ ಆಚಿ ಮನಿ'. ಅಚ್ಚಾದ ವರ್ಷವೇ ಘಟಪ್ರಭೆಗೆ ಮಹಾಪೂರ ಬಂದು, ಪುಸ್ತಕದ ಕಟ್ಟುಗಳೆಲ್ಲ ಕೊಚ್ಚಿಕೊಂಡು ಹೋದವು. ಆಮೇಲೆ ರಾಚಪ್ಪನೂ ಹೋದ. ಒಂದೂ ಪ್ರತಿ ಉಳಿದಿಲ್ಲ ಎಂದೇ ಎಲ್ಲರೂ ತಿಳಿದಿದ್ದೆವು. ಈಗ ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತ್ತು.

"ಅವರಿದ್ದಾಗ 'ಓದಿ ಹೇಳ್ತೇನಿ, ಕೇಳ' ಅಂತಿದ್ರು," ಎಂದಿದ್ದಳು ಕಾಶೆವ್ವ. "ನಾ 'ಭಾಂಡಿ ತಿಕ್ಕೂದೈತಿ' ಅಂತಿದ್ದೆ. ಈಗ ತಿಕ್ಕಾಕ ಭಾಂಡಿನೂ ಇಲ್ಲ, ಓದಾಕ ಅವರೂ ಇಲ್ಲ. ನಮ್ಮ ಈ ರಾಜೇಶ್ವರಿ ಅಕ್ಷರ ಕಲಿಸಿದ್ಲು. ನಾನಽ ಓದಾಕತ್ತೇನಿ. ಅವರು ಏನ ಬರದು ಮುಗಿಸ್ಯಾರೋ, ಕಡೀ ಪುಟ ಮುಟ್ಟಿದ ದಿನ ಕರದಂಟು ತರ್ತೇನಿ."

ಪುಸ್ತಕ ಸುತ್ತು ಬಂತು. ವೀರಪ್ಪ ಮಾಸ್ತರರು ಫೋನು ಬಂತೆಂದು ಕೆಳಗಿಳಿದರು. ಉಳಿದವರೆಲ್ಲ ಪಾಳಿ ಹಚ್ಚಿದೆವು.

ಆ ಕಡೆಯ ಪುಟವನ್ನೇ ಈಗ ಯಾರೋ ಹೊತ್ತುಕೊಂಡು ಹೋಗಿದ್ದರು.

ಮಮದಾಪುರದ ಮನೆಗೆ ಅಕ್ಕ ಮಧ್ಯಾಹ್ನದ ಬಸ್ಸಿಗೆ ಬಂದಳು. ಚಪ್ಪಲಿ ಬಿಟ್ಟವಳೇ ಜಗಲಿಯ ಮುಂದೆ ಕುಳಿತಳು. ನಾನು ಕಾಶೆವ್ವನ ಪಕ್ಕ.

"ಯವ್ವಾ, ಕಡೀಕ ಯಾವಾಗ ನೋಡಿದ್ರಿ?"

"ನಿನ್ನಿ ಮುಂಜಾನಿ. ಪೂಜಿ ಆದ ಮ್ಯಾಲ ದಿನಾ ಎರಡ ಪುಟ ಓದಿ, ಬಟ್ಟ್ಯಾಗ ಕಟ್ಟಿ ಇಡ್ತೇನಿ."

"ನಿನ್ನಿ ಯಾರ ಬಂದಿದ್ರು?"

"ಶ್ರಾವಣ ಸೋಮವಾರ ಅಲ್ಲನವಾ? ಬಳಗದವರನ್ನ ಪ್ರಸಾದಕ್ಕ ಕರದಿದ್ದೆ. ನೀವಿಬ್ಬರೂ ಕೈ ಕೊಟ್ರಿ. ಕಿಶೋರ ಬಂದಿದ್ದ, ಬೀರಸಿದ್ದಪ್ಪ ಬಂದಿದ್ದ, ವೀರಪ್ಪ ಮಾಸ್ತರ ಬಂದಿದ್ರು. ಎಲ್ಲಾರೂ ಜಗಲಿಗೆ ಕೈ ಮುಗದ್ರು. ನಾ ಅಡಗಿ ಮನ್ಯಾಗ ಹೋಳಗಿ ಮಾಡಾಕತ್ತಿದ್ದೆ."

"ಈ ಕಬ್ಬಿನ ಪುಸ್ತಕ?"

"ನಮ್ಮದಽ. ಪಡಸಾಲಿ ಕಪಾಟಿನ್ಯಾಗ ಇತ್ತು."

ಅಕ್ಕ ಕಬ್ಬಿನ ಬೇಸಾಯದ ಆ ಹಳೆಯ ಪುಸ್ತಕ ತೆರೆದಳು. ಮೊದಲ ಪುಟದಲ್ಲಿ ಒಂದು ಬಿಲ್ವಪತ್ರಿ. ಇನ್ನೂ ಹಸಿರಾಗಿತ್ತು.

"ಇದನ್ನ ನೀವು ಇಟ್ರೇನು?"

"ಇಲ್ಲವಾ. ನನ್ನ ಗುರುತು ಅಂದ್ರ ಅವರ ಅಂಗಿ ಕಿಸೇದಾಗ ಸಿಕ್ಕ ಬಸ್ಸಿನ ಟಿಕೀಟು. ಅದೂ ಪುಸ್ತಕದ ಜೋಡಿ ಹೋತು," ಎಂದು ಕಾಶೆವ್ವ ಸೆರಗು ಕಣ್ಣಿಗೊತ್ತಿದಳು.

ನನಗೆ ತಾಳ್ಮೆ ಕಡಿಮೆ. "ಶ್ರಾವಣ ಸೋಮವಾರ ಅಂದ್ರ ಜಗಲಿ ತುಂಬ ಪತ್ರಿ ಇರತೈತಿ ಅಕ್ಕಾ, ಒಂದು ಉದುರಿರತೈತಿ ಬಿಡ್ರಿ. ಇಲ್ಲಿ ನೋಡ್ರಿ ಇಲ್ಲಿ!"

ಜಗಲಿಯ ಅಂಚಿನಲ್ಲಿ ಹಳದಿ ಪುಡಿ. ಭಂಡಾರ! ಬೀರದೇವರ ಭಂಡಾರವನ್ನು ಸದಾ ಕಿಸೆಯಲ್ಲಿಟ್ಟುಕೊಂಡು ಓಡಾಡುವವನು ನಮ್ಮಲ್ಲಿ ಒಬ್ಬನೇ — ತುಕ್ಕಾನಟ್ಟಿಯ ಬೀರಸಿದ್ದಪ್ಪ. ಅಷ್ಟೇ ಅಲ್ಲ, ಕಾದಂಬರಿಯ ಕುರಿಗಾರ ತನ್ನ ಅಜ್ಜನೇ ಎಂದು ರವಿವಾರ ಅವನು ಮುಖ ಊದಿಸಿಕೊಂಡಿದ್ದ.

"ಮುಗೀತು ಅಕ್ಕಾ. ಕಳ್ಳ ಸಿಕ್ಕ."

"ಮೂರನೇ ಅಧ್ಯಾಯಕ್ಕಽ?" ಎಂದಳು ಅಕ್ಕ.

ತುಕ್ಕಾನಟ್ಟಿಯಲ್ಲಿ ಬೀರಸಿದ್ದಪ್ಪ ಹಟ್ಟಿಯ ಮುಂದೆ ಕುರಿಮರಿಗೆ ಔಷಧಿ ಕುಡಿಸುತ್ತಿದ್ದ. ನಾನೇ ಬಾಯಿ ಹಾಕಿದೆ.

"ಜಗಲಿ ಮುಟ್ಟಿದ್ದಿ ಅಲಾ?"

"ಮುಟ್ಟಿದ್ದೆ. ಭಂಡಾರ ಏರಿಸಿ ಕೈ ಮುಗದೆ. ದೇವರಿಗೆ ಕೈ ಮುಗಿಯಾಕ ನಿನ್ನ ಪರವಾನಗಿ ಬೇಕೇನೊ?"

"ರಾಚಪ್ಪ ನಿಮ್ಮ ಮುತ್ಯಾನ ಬಗ್ಗೆ ಬರದದ್ದಕ್ಕ ನಿನಗ ಸಿಟ್ಟಿತ್ತು. ಖರೆ ಹೌದಲ್ಲೊ?"

"ಖರೆ. ಅದಕ್ಕಽ ಓದಬೇಕಿತ್ತು!" ಅವನ ದನಿ ಏರಿತು. "ಏನ ಬರದಾನ, ಒಳ್ಳೇದೋ ಕೆಟ್ಟದ್ದೋ, ನಾ ಓದಬೇಕಿತ್ತು. ಕಾಶೆವ್ವನ ಹಿಂದ ಮೊದಲ ಪಾಳಿ ನಂದು. ಬರೂ ಪುಸ್ತಕ ಯಾಕ ಕದೀಲಿ? ಕಳ್ಳ ಅನ್ನಾಕ ಬಂದಿ? ಕುರುಬರ ಹಟ್ಟಿಗೆ ಮೊದಲ ಬಂದಿ ಅಲಾ, ಬೇರೆ ಮನಿ ಕಾಣಲಿಲ್ಲೇನ ನಿನಗ?"

ಅಕ್ಕ ನನ್ನನ್ನು ಒಂದು ನೋಟ ನೋಡಿದಳು, ಅಷ್ಟೇ. ನಾಚಿಕೆಯಾಯಿತು. ಆದರೆ ಅನುಮಾನ ಹೋಗಲಿಲ್ಲ. ಅನುಮಾನ ಅನ್ನುವುದು ಕೈಗೆ ಹತ್ತಿದ ಕಬ್ಬಿನ ಹಾಲಿನ ಹಾಗೆ, ಒರೆಸಿದಷ್ಟೂ ಅಂಟುತ್ತದೆ.

ಗೋಕಾಕದಲ್ಲಿ ಕಿಶೋರ ಸಿಕ್ಕ. ಅಪರೂಪದ ಹಳೆಯ ಪುಸ್ತಕ ಎಂದರೆ ಅವನ ಕಣ್ಣು ಮಿಂಚುತ್ತದೆ.

"ಪುಸ್ತಕಾ ನನಗ ಕೊಡ್ರಿ ಅಂತ ಕೇಳಿದ್ದಿ?" ಎಂದಳು ಅಕ್ಕ.

"ಕೇಳಿದ್ದೆ ರೀ. ಸ್ಕ್ಯಾನ್ ಮಾಡಿ ಇಡೂಣು, ಮತ್ತೊಂದು ಮಹಾಪೂರ ಬಂದ್ರ ಏನ ಗತಿ ಅಂದೆ. ಓದಿ ಮುಗಿಸಿ ಕೊಡ್ತೇನಿ ಅಂದ್ರು. ಸುಮ್ಮನಾದೆ."

"ನಿನ್ನಿ ಜಗಲಿ ಹತ್ರ ಒಬ್ಬನಽ ಇದ್ದಿ?"

"ಎಲ್ಲಾರೂ ಒಂದೊಂದು ಸಲ ಒಬ್ಬೊಬ್ಬರಽ ಇದ್ವಿ. ನಾ ಕೈ ತೊಳಿಯಾಕ ಹೋದೆ, ಬೀರಸಿದ್ದಪ್ಪ ಹೊರಗ ಫೋನಿನ್ಯಾಗ ಇದ್ದ. ಅಕ್ಕಾರ, ನನ್ನ ಮ್ಯಾಲೂ ಸಂಶಯ ಏನ್ರಿ?"

"ನನಗ ಎಲ್ಲಾರ ಮ್ಯಾಲೂ ಐತಿ. ಶ್ರೀಶೈಲನ ಮ್ಯಾಲೂ."

ತಮಾಷೆಯೋ ನಿಜವೋ ತಿಳಿಯಲಿಲ್ಲ.

ಕೊನೆಗೆ ವೀರಪ್ಪ ಮಾಸ್ತರರ ಮನೆ. ನಿವೃತ್ತ ಮಾಸ್ತರರು, ಶ್ರಾವಣ ಬಂತೆಂದರೆ ಮಠದಲ್ಲಿ ಪುರಾಣ ಓದುವವರು. ಅವರ ದನಿಗೆ ಅರ್ಧ ಗೋಕಾಕ ತಲೆದೂಗುತ್ತದೆ. ಈಗ ಅವರ ಮೊದಲ ಕಾದಂಬರಿ ಬರುವುದಿತ್ತು. ರವಿವಾರ ನಮ್ಮ ಅಟ್ಟದ ಮೇಲೆಯೇ ಬಿಡುಗಡೆ. ಹೊಸ ಪುಸ್ತಕದ ಕಟ್ಟು ಕುರ್ಚಿಯ ಬಾಜೂ ಇತ್ತು. ಅವರು ಸಂಜೆಯ ಪುರಾಣ ಮುಗಿಸಿ ಬಂದು ಗ್ರಂಥ ಕಟ್ಟಿಡುತ್ತಿದ್ದರು. ಮೊದಲ ಪುಟ ತೆರೆದು ಪತ್ರಿ ಇಟ್ಟರು, ಕಣ್ಣಿಗೊತ್ತಿದರು, ಬಟ್ಟೆ ಸುತ್ತಿ ಗಂಟು ಹಾಕಿದರು. ಅದೆಂಥ ಭಕ್ತಿ ಎಂದುಕೊಂಡೆ.

"ಅಯ್ಯ ಪಾಪ, ಕಾಶೆವ್ವಗ ಹಿಂಗ ಆಗಬಾರದಿತ್ತು," ಎಂದರು. "ಬೀರಸಿದ್ದಪ್ಪನ್ನ ಕೇಳಿದ್ರೇನು? ಅವಂಗ ಸಿಟ್ಟಿತ್ತು ನೋಡ್ರಿ."

"ಕೇಳಿದ್ವಿ ಸರ್. ನಿಮ್ಮ ಕಾದಂಬರಿ ಬಂದೇತೇನು? ನನ್ನ ಚಾಳಿ ನಿಮಗ ಗೊತ್ತೈತಲ್ಲ. ಕಡೀ ಪುಟ ಒಂದೀಟು ನೋಡ್ಲೇನು?"

ಮಾಸ್ತರರ ಕೈ ಕಟ್ಟಿನ ಮೇಲೆ ಹೋಯಿತು. "ರವಿವಾರದ ತನಕ ತಡೀರಿ ತಾಯಿ. ಬಿಡುಗಡೆಗೆ ಮೊದಲ ಬಿಚ್ಚಬಾರದು."

"ಆಗ್ಲಿ ಬಿಡ್ರಿ," ಎಂದು ಅಕ್ಕ ನೀರು ಕುಡಿದು ಎದ್ದಳು.

ಹೊರಗೆ ಬಂದು ನಾನು ಗೊಣಗಿದೆ: "ಹೊತ್ತು ಹೋತು. ಕಳ್ಳನ ಗುರುತು ತುಕ್ಕಾನಟ್ಟ್ಯಾಗ ಐತಿ."

"ಕಳ್ಳನ ಗುರುತು ಈಗ ನೀನಽ ಕಣ್ಣಾರೆ ನೋಡಿ ಬಂದಿ," ಎಂದಳು ಅಕ್ಕ. ಹೆಚ್ಚು ಹೇಳಲಿಲ್ಲ. ಹುಕ್ಕೇರಿ ಬಸ್ಸು ಹತ್ತಿಬಿಟ್ಟಳು. ಇಂಥವರ ಜೊತೆ ತಿರುಗುವುದು ದೊಡ್ಡ ಶಿಕ್ಷೆ!

ರವಿವಾರ ಅಟ್ಟ ತುಂಬಿತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬೀರಸಿದ್ದಪ್ಪ ಬಾಗಿಲ ಬಳಿಯೇ ನಿಂತಿದ್ದ. ಅವನ ಪಕ್ಕ ಯಾರೂ ನಿಂತಿರಲಿಲ್ಲ. ಕಾಶೆವ್ವ ಮೂಲೆಯಲ್ಲಿ ಬರಿಗೈಯಲ್ಲಿ ಕುಳಿತಿದ್ದಳು. ಮಾಸ್ತರರು ಹೊಸ ಪುಸ್ತಕದ ಕಟ್ಟು ಬಿಚ್ಚಿದರು. ಚಪ್ಪಾಳೆ ಬಿತ್ತು.

ಅಕ್ಕ ಎದ್ದು ನಿಂತಳು.

"ಒಂದು ಆಟ ಆಡೂಣು. ಕಾಶೆವ್ವ, ಎರಡೂ ಕಿವಿ ಮುಚ್ಚಿಕೊಳ್ರಿ."

"ಯಾಕವಾ?"

"ನಿಮ್ಮವರ ಪುಸ್ತಕದ ಕಡೀ ಮಾತು ಹೇಳೂದೈತಿ."

"ಬ್ಯಾಡ! ಹೇಳಬ್ಯಾಡ್ರಿ, ನಾನಽ ಓದ್ತೇನಿ!" ಕಾಶೆವ್ವ ಗಾಬರಿಯಿಂದ ಸೆರಗನ್ನು ಕಿವಿಗೆ ಒತ್ತಿ ಹಿಡಿದಳು.

ಅಕ್ಕ ಕಿಶೋರನ ಕಿವಿಯಲ್ಲಿ ಏನೋ ಉಸುರಿದಳು. ಆಮೇಲೆ ಮಾಸ್ತರರ ಹೊಸ ಕಾದಂಬರಿ ಅವನ ಕೈಗಿಟ್ಟಳು. "ಕಡೀ ಪುಟ ತೆಗಿ. ಮನಸಿನ್ಯಾಗ ಓದು."

ಕಿಶೋರ ಓದಿದ. ಬಾಯಿ ತೆರೆದ. ಮತ್ತೆ ಓದಿದ.

"ಅದಽ ಐತಿ ಅಕ್ಕಾರ… ಅಕ್ಷರಕ್ಕ ಅಕ್ಷರ ಅದಽ!"

ಎಲ್ಲರೂ ಮಾಸ್ತರರ ಕಡೆ ತಿರುಗಿದರು.

"ರಾಚಪ್ಪನ ಪುಸ್ತಕ ಸುತ್ತು ಬಂದಾಗ ನಾ ನನ್ನ ಚಾಳಿಯಂಗ ಕಡೀ ಪುಟ ಓದಿದ್ದೆ," ಎಂದಳು ಅಕ್ಕ. "ಸರ್, ಆಗ ನೀವು ಕೆಳಗ ಇದ್ರಿ. ಅದಕ್ಕಽ ನಿಮಗ ಗೊತ್ತಾಗಲಿಲ್ಲ. ಯಾವ ಪುಸ್ತಕ ಬಂದ್ರೂ ಮೊದಲ ಪಾಳಿ ಹಚ್ಚೂ ವೀರಪ್ಪ ಮಾಸ್ತರು ಇದಕ್ಕ ಮಾತ್ರ ಯಾಕ ಹಚ್ಚಲಿಲ್ಲ? ಓದಿದ ಪುಸ್ತಕಕ್ಕ ಯಾರೂ ಪಾಳಿ ಹಚ್ಚಂಗಿಲ್ಲ."

"ಇದೇನ ಮಾತು!" ಮಾಸ್ತರರ ಮುಖ ಕೆಂಪಾಯಿತು. "ನಾ ಜಗಲಿ ಮುಟ್ಟಿದ್ದು ಯಾರರೆ ನೋಡ್ಯಾರೇನು?"

"ನಿಮ್ಮ ಕೈ ನೋಡೈತಿ ಸರ್. ಪುಸ್ತಕ ತಗೊಂಡು ಕಬ್ಬಿನ ಪುಸ್ತಕ ಕಟ್ಟಿದ್ರಿ. ಕಟ್ಟೂ ಮುಂದ ಮೊದಲ ಪುಟಕ್ಕ ಪತ್ರಿ ಇಟ್ರಿ. ಇಷ್ಟು ವರ್ಷ ಪುರಾಣ ಕಟ್ಟಿದ ಕೈ! ಪತ್ರಿ ಇಡದ ಗಂಟು ಹಾಕಾಕ ಅದಕ್ಕ ಬರಂಗಿಲ್ಲ. ಕಬ್ಬಿನ ಪುಸ್ತಕಕ್ಕೂ ಪತ್ರಿ ಏರಿಸಿಬಿಟ್ರಿ! ಉದುರಿದ ಪತ್ರಿ ಗಂಟಿನ ಮ್ಯಾಲ ಬೀಳತೈತಿ, ಮೊದಲ ಪುಟದಾಗ ಹೋಗಿ ಕೂಡಂಗಿಲ್ಲ."

"ಪತ್ರಿ ಎಲ್ಲಾರ ಮನ್ಯಾಗೂ ಇರತೈತಿ!"

"ಇರತೈತಿ. ರಾಚಪ್ಪನ ಕಡೀ ಮಾತು ಎಲ್ಲಾರ ಕಾದಂಬರ್ಯಾಗ ಇರಂಗಿಲ್ಲಲ್ಲ ಸರ್?"

ಮಾಸ್ತರರು ಕುರ್ಚಿಗೆ ಕುಸಿದರು. ಅಷ್ಟು ಚಂದದ ದನಿ ಈಗ ಒಡೆದಿತ್ತು.

"ಹೆಂಗೈತಿ ಹೇಳ್ರಿ ಅಂತ ರಾಚಪ್ಪ ನನಗ ಒಂದು ಪ್ರತಿ ಕೊಟ್ಟಿದ್ದ. ಉಳಿದದ್ದೆಲ್ಲಾ ಹೊಳಿ ಪಾಲಾತು. ಇದೊಂದಽ ಉಳಿದೈತಿ, ನನ್ನ ಹೆಸರಿಲೆ ಆದ್ರೂ ಜನ ಓದ್ಲಿ ಅಂದ್ಕೊಂಡೆ… ಹೆಸರಿನ ಆಸೆ ಕೆಟ್ಟದು ತಾಯಿ."

"ಅವ್ವನ ಪುಸ್ತಕ ಎಲ್ಲೈತಿ? ಸುಟ್ರೇನು?" ಬಾಗಿಲಿನಿಂದ ಬೀರಸಿದ್ದಪ್ಪ ಗುಡುಗಿದ.

"ಸುಟ್ಟಿರಂಗಿಲ್ಲ," ಎಂದಳು ಅಕ್ಕ. "ಪತ್ರಿ ಏರಿಸೂ ಕೈ ಪುಸ್ತಕಕ್ಕ ಬೆಂಕಿ ಹಚ್ಚಂಗಿಲ್ಲ. ಅವರ ಜಗಲಿ ಮ್ಯಾಲಽ ಇರತೈತಿ, ನೋಡ ಹೋಗ್."

ಅಲ್ಲೇ ಇತ್ತು. ಬೀರಸಿದ್ದಪ್ಪ ತಾನೇ ಹೋಗಿ ತಂದ. ಒಂದೇ ಗಂಟಿನಲ್ಲಿ ಎರಡೂ ಪ್ರತಿ, ಮೊದಲ ಪುಟದಲ್ಲಿ ಬಾಡಿದ ಪತ್ರಿ. ಬಸ್ಸಿನ ಟಿಕೀಟು ಇಟ್ಟಲ್ಲೇ ಇತ್ತು. ಕಾಶೆವ್ವನದನ್ನು ಅವಳ ಮಡಿಲಿಗೆ ಹಾಕಿ, ಇನ್ನೊಂದನ್ನು ಎದೆಗವಚಿಕೊಂಡು ನನ್ನತ್ತ ತಿರುಗಿದ: "ಇದು ನನ್ನ ಪಾಳಿ. ಕಳ್ಳತನ ಅಲ್ಲ, ನೋಡ್ಕೋ."

"ತಪ್ಪಾತೋ ಮಾರಾಯಾ," ಎಂದೆ, ಎಲ್ಲರ ಮುಂದೆಯೇ. ಹೇಳಲೇಬೇಕಿತ್ತು.

ಮಾಸ್ತರರ ಪುಸ್ತಕಗಳು ಅವತ್ತೇ ಕಟ್ಟು ಸೇರಿದವು. ಕಾಶೆವ್ವ ಅವರನ್ನು ಒಂದೇ ಮಾತು ಕೇಳಿದಳು: "ಕೇಳಿದ್ರ ನಾ ಅಚ್ಚ ಹಾಕಸ್ರಿ ಅಂತಿದ್ದೆ. ಅವರ ಹೆಸರು ಯಾಕ ಅಳಿಸಿದ್ರಿ?"

ಶ್ರಾವಣ ಮುಗಿದ ಮೇಲೆ ಒಂದು ರವಿವಾರ ಕಾಶೆವ್ವ ಕರದಂಟಿನ ಡಬ್ಬಿ ಹಿಡಿದು ಅಟ್ಟ ಹತ್ತಿದಳು. "ಕಡೀ ಪುಟ ನಿಮ್ಮ ಮುಂದಽ ಓದಬೇಕಂತ ಉಳಿಸೇನಿ," ಎಂದು ಪುಸ್ತಕ ಬಿಚ್ಚಿದಳು. ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕಥೆಯಲ್ಲಿ, ಮುನಿಸಿಕೊಂಡು ಹೊಳೆಯ ಈಚೆ ಉಳಿದಿದ್ದ ಗಂಡ ಕೊನೆಗೂ ಹೊಳೆ ದಾಟಿ, ನಸುಕಿನಲ್ಲಿ ಆಚೆಯ ಮನೆ ಸೇರುತ್ತಾನೆ.

"ಅವನು… ಒಲೆ ಹೊತ್ತಿಸಿದ. ಅವಳಿನ್ನೂ… ಮಲಗಿದ್ದಳು. ಬಾಗಿಲ ಬಳಿ ನಿಂತು… ಮೆಲ್ಲಗೆ ಕರೆದ. 'ಏಳ… ಚಾ ಆರಾಕತ್ತೈತಿ.'"

ಅವಳ ಬೆರಳು ಅಲ್ಲೇ ನಿಂತಿತು.

"ಅಯ್ಯ ಇವರ!" ಕಾಶೆವ್ವ ನಕ್ಕಳು, ಕಣ್ಣಿಂದ ನೀರು ಇಳಿಯುತ್ತಿತ್ತು. "ದಿನಾ ಮುಂಜಾನಿ ಇದನ್ನಽ ಅಂತಿದ್ರು. ತಾವಽ ಚಾ ಮಾಡಿ, ಬಾಗಲದಾಗ ನಿಂತು. ನಾ 'ಆರ್ಲಿ ಬಿಡ್ರಿ' ಅಂತ ಮಗ್ಗಲಾ ಹೊರಳ್ತಿದ್ದೆ. ಇದನ್ನ ಬರದಿಟ್ಟಾರೇನವಾ!"

ರಾಜೇಶ್ವರಿ ಅಕ್ಕ ಮುಖ ಆಚೆ ತಿರುಗಿಸಿದಳು. ಅವಳಿಗೆ ಕೊನೆ ಮೊದಲೇ ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಕಾಶೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಆ ಸಾಲಿನ ಮೇಲೆ ಅಂಗೈ ಇಟ್ಟಳು.

"ಎದ್ದೇನಿ ರೀ," ಎಂದಳು.