ಮುಚ್ಚದ ಎಡಗಣ್ಣು

ಅರುವತ್ತೆರಡರ ಚಳಿಗಾಲ. ನನ್ನ ಹೆಂಡತಿ ಶಂಕರಿ ತೀರಿಕೊಂಡ ಸುದ್ದಿಯನ್ನು ಮಂಗಳೂರಿನ ಆಸ್ಪತ್ರೆಯಿಂದ ನಮ್ಮೂರು ಸವಣೂರಿಗೆ ತಂದವನು ಅವಳ ತಮ್ಮ ಮಹೇಶ್ವರ.

ಕಿವಿಯ ಬುಡದಿಂದ ಮುಖಕ್ಕೆ ಬರುವ ನರ ಸತ್ತು, ಅವಳ ಎಡಗಣ್ಣು ತಾನಾಗಿ ಮುಚ್ಚುತ್ತಿರಲಿಲ್ಲ. ದಿನವೂ ಸಂಜೆಯ ಪೂಜೆ ಮುಗಿಸಿ, ಗಂಧದ ಬೆರಳಿನಿಂದಲೇ ನಾನು ರೆಪ್ಪೆ ಇಳಿಸುತ್ತಿದ್ದೆ. ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ, ದೇವರ ಪೂಜೆ ತಪ್ಪಬಾರದೆಂದು ನಾನು ಹೋಗದೆ ಮನೆಯಲ್ಲೇ ಉಳಿದಿದ್ದೆ. ಸುದ್ದಿ ಬರುವ ಹಿಂದಿನ ಸಂಜೆ, ಪೂಜೆ ಮುಗಿಸಿ, ಅಭ್ಯಾಸದಿಂದ ಅವಳ ಖಾಲಿ ದಿಂಬಿನತ್ತ ಕೈ ಚಾಚಿದಾಗ ಬೆರಳಿಗೆ ರೆಪ್ಪೆಗೂದಲು ತಾಗಿತ್ತು.

“ಅವಳ ಕಣ್ಣು ಮುಚ್ಚಿದೆಯಾ, ಮಹೇಶ?” ಎಂದೆ.

“ನಾನು ನೋಡುವಾಗಲೇ ಮುಚ್ಚಿತ್ತು, ಭಾವ. ರೆಪ್ಪೆಯಲ್ಲಿ ಹಸಿ ಗಂಧ ಇತ್ತು. ನೀವು ಬಂದು ಹೋದದ್ದು ಯಾವಾಗ ಮಾರಾಯ್ರೆ? ನನಗೊಂದು ಮಾತು ಹೇಳಬಾರದಾ?”

ನಾನು ಮನೆಯ ಹೊಸ್ತಿಲು ದಾಟಿರಲಿಲ್ಲ.

ಈಶ್ವರಾ, ಅವಳಿಗೆ ಶಾಂತಿ ಕೊಡು. ಆ ಕಣ್ಣು ಇನ್ನಾದರೂ ನೆಮ್ಮದಿಯಿಂದ ನಿದ್ರಿಸಲಿ.