ಕತ್ತು ಹಿಸುಕಿದ ತೋಟಾ

ಢಂ!

ನನ್ನ ಪಿಕಪ್ ಗಾಡಿಯ ಕನ್ನಡಿ ಪುಡಿಪುಡಿಯಾಯಿತು. ನಾನು ಆಗಲೇ ಮುಂದಿನ ಚಕ್ರದ ಹಿಂದೆ ಮೂತಿ ಊರಿ ಬಿದ್ದಿದ್ದೆ. ಬಾಯ್ತುಂಬ ಅಮೆರಿಕದ ವಯೋಮಿಂಗಿನ ಧೂಳು!

"ಹೊರಗೆ ಬಾರೋ, ವರ್ನ್!" ಜಲ್ಲಿ ಗುಡ್ಡೆಯ ಹಿಂದಿನಿಂದ ಲೈಲ್ ಕೂಗಿದ. "ಮುಂದಿನದು ನಿನ್ನ ಬುರುಡೆಗೇ!"

"ಆ ಕೋವಿ ನಿಂದಲ್ಲ ಕಣೋ! ಓಪಲ್ ಅಜ್ಜಿದು!"

"ಈಗ ನಂದು!"

ವಿಷಯ ಇಷ್ಟೇ. ಓಪಲ್ ನಮ್ಮೂರಿನ ಮುದುಕಿ. ಭಾನುವಾರ ಅವಳು ಚರ್ಚಿಗೆ ಹೋಗಿದ್ದಾಗ ಅವಳ ಸೆಮಿ ಆಟೋಮ್ಯಾಟಿಕ್ ರೈಫಲ್ ಮಾಯವಾಯಿತು. ಸತ್ತ ಗಂಡ ಕೊಟ್ಟ ಉಡುಗೊರೆ. ಕಳೆದದ್ದನ್ನು ಹುಡುಕಿಕೊಡುವುದು ನನ್ನ ದಂಧೆ. ವಾಸನೆ ಹಿಡಿದು ಬಂದರೆ... ಲೈಲ್ ಬಕ್ನರ್! ನಮ್ಮ ಶೂಟಿಂಗ್ ಕ್ಲಬ್ಬಿನ ಅಧ್ಯಕ್ಷರು! ಯಾರು ಎಷ್ಟು ಹೊತ್ತಿಗೆ ಚರ್ಚಿಗೆ ಹೋಗುತ್ತಾರೆ ಎಂಬುದು ಆಸಾಮಿಗೆ ಚೆನ್ನಾಗಿ ಗೊತ್ತು.

ಅವನ ಶೆಡ್ಡಿನಲ್ಲಿ ಕದ್ದ ಕೋವಿಗಳ ಸಾಲನ್ನೇ ಕಂಡಿದ್ದೆ. ನಾನು ಬದುಕಿ ಹೋದರೆ ಅವನಿಗೆ ಜೈಲು ಖಚಿತ. ಆದ್ದರಿಂದ ನಾನು ಬದುಕಿ ಹೋಗುವುದು ಅವನಿಗೆ ಬೇಕಿರಲಿಲ್ಲ.

ನರಿಗಳನ್ನು ಓಡಿಸಲೆಂದು ಓಪಲ್ ಆ ರೈಫಲ್‌ನಲ್ಲಿ ಒಂದೇ ಒಂದು ತೋಟಾ ಇಟ್ಟಿರುತ್ತಿದ್ದಳು. ಕನ್ನಡಿಗೆ ಬಿದ್ದದ್ದು ಅದೇ. ಈಗ ಲೈಲ್ ಜೇಬಿನಿಂದ ಬೇರೆ ತೋಟಾ ತೆಗೆದು ತುಂಬುತ್ತಿದ್ದ. ಟಕ್... ಟಕ್... ಅವು ಅವನ ಸ್ವಂತ ತಯಾರಿಕೆ!

ನಾನು ಕಿವಿ ನಿಮಿರಿಸಿದೆ.

ನೋಡಿ, ಒಮ್ಮೆ ಸುಟ್ಟ ತೋಟಾದ ಹಿತ್ತಾಳೆ ಕವಚ ಉಬ್ಬುತ್ತದೆ. ಅದನ್ನು ಅಚ್ಚಿಗೆ ಹಾಕಿ ಮತ್ತೆ ಹಿಂಡಿ, ಮದ್ದು ತುಂಬಬೇಕು. ಎಷ್ಟು ಹಿಂಡಬೇಕು ಎಂಬುದರ ಮೇಲೆ ನನಗೂ ಲೈಲ್‌ಗೂ ಹತ್ತು ವರ್ಷದಿಂದ ಜಗಳ.

"ಅಡಿಯಿಂದ ಮುಡಿವರೆಗೂ ಹಿಂಡೋ" ಎನ್ನುತ್ತಿದ್ದೆ.

"ಹೋಗಲೋ! ಗುಂಡು ಕೂರೋ ಕತ್ತು ಹಿಸುಕಿದ್ರೆ ಸಾಕು. ಮೈಯೆಲ್ಲ ಹಿಂಡಿದ್ರೆ ಹಿತ್ತಾಳೆ ಬೇಗ ಸಾಯುತ್ತೆ."

ತೋಟಾ ಒಳಗೆ ತಳ್ಳುವ ಬೋಲ್ಟನ್ನು ಕೈಯಲ್ಲೇ ಎಳೆಯುವ ಅವನ ಹಳೇ ಕೋವಿಗೆ ಅದು ಸರಿಯೇ. ಆ ಕೋವಿಯಲ್ಲೇ ಉಬ್ಬಿದ ತೋಟಾ ಮತ್ತೆ ಅದರಲ್ಲೇ ಸರಿಯಾಗಿ ಕೂರುತ್ತದೆ. ಆದರೆ ಓಪಲ್‌ಳ ರೈಫಲ್ ಬಿಗಿ. ತಾನಾಗಿಯೇ ತೋಟಾ ನುಂಗಬೇಕು. ಉಬ್ಬಿದ್ದು ಅದರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಲೈಲ್ ಹಿಡಿದ ಮೊಲಕ್ಕೆ ಮೂರೇ ಕಾಲು. ಈಗಲೂ ಹಾಗೆಯೇ ಇದ್ದಾನೋ? ಇಲ್ಲಾ... ನನ್ನ ಮಾತು ಕೇಳಿ ಬುದ್ಧಿ ಕಲಿತಿದ್ದಾನೋ?

ಬುದ್ಧಿ ಕಲಿತಿದ್ದರೆ ನಾನು ಸತ್ತೆ!

ಜಲ್ಲಿಯ ಮೇಲೆ ಬೂಟಿನ ಸದ್ದು. ಅವನು ಗಾಡಿಯ ಸುತ್ತ ಬಂದ. ನಳಿಗೆ ನನ್ನ ಎದೆಗೆ ನೇರ.

"ಎದ್ದೇಳೋ ಪತ್ತೇದಾರ. ಮಲಗಿದವರಿಗೆ ನಾನು ಹೊಡೆಯಲ್ಲ."

"ದೊಡ್ಡ ಮನಸ್ಸು ಮಾರಾಯ."

ಎದ್ದೆ. ಎದ್ದವನು ನಿಲ್ಲಲಿಲ್ಲ. ನೇರ ಅವನತ್ತ ನುಗ್ಗಿದೆ!

ಲೈಲ್ ಬೋಲ್ಟ್ ಎಳೆದು ಬಿಟ್ಟ.

ಸರ್ರ್... ಕಚಕ್.

ಬೋಲ್ಟ್ ಅರ್ಧದಲ್ಲೇ ನಿಂತಿತು. ಅವನು ಕೋವಿಯ ಕುದುರೆ ಒತ್ತಿದ. ಏನಿಲ್ಲ! ಅಂಗೈಯಿಂದ ಗುದ್ದಿದ. ಅಲ್ಲಾಡಲಿಲ್ಲ.

"ಇದೇನಿದು ದರಿದ್ರ..."

ಮಾತು ಮುಗಿಯುವ ಮೊದಲೇ ನನ್ನ ಮುಷ್ಟಿ ಅವನ ದವಡೆಗೆ ತಲುಪಿತ್ತು. ಅಧ್ಯಕ್ಷರು ಜಲ್ಲಿಯ ಮೇಲೆ ಅಂಗಾತ! ಸುಳ್ಳೇಕೆ, ಹೆದರಿ ಹಣ್ಣಾಗಿದ್ದೆ.

ಅವನ ಕೈಗಳನ್ನು ಅವನದೇ ಬೆಲ್ಟಿನಿಂದ ಬಿಗಿದೆ. ಪೊಲೀಸರಿಗೆ ಫೋನು ಮಾಡಿದೆ.

"ಎಷ್ಟು ಸಲ ಬಡ್ಕೊಂಡಿದ್ದೆ ಲೈಲ್? ಮೈಯೆಲ್ಲ ಹಿಂಡು ಅಂತ?"

ಅವನು ರಕ್ತ ಉಗುಳಿದ.

"ಕತ್ತು ಸಾಕು! ಆ ಮುದುಕಿಯ ಕೋವಿನೇ ಸರಿಯಿಲ್ಲ!"

"ಆಯ್ತಪ್ಪ. ನೀನೇ ಸರಿ."

ಹತ್ತು ವರ್ಷ ಆ ಮನುಷ್ಯನ ಜೊತೆ ವಾದ ಮಾಡಿದೆ... ಪುಣ್ಯಕ್ಕೆ ಒಂದು ದಿನವೂ ಗೆಲ್ಲಲಿಲ್ಲ!